ನಾನು ಕಿತ್ತು ಹಾಕಿದ ಬ್ಯಾಟರಿ

ನನ್ನ ತಮ್ಮನಿಗೆ,

ಮೊದಲು 'ಪ್ರೀತಿಯ ತಮ್ಮನಿಗೆ' ಅಂತ ಬರೆದಿದ್ದೆ ಕಣೋ. ಆಮೇಲೆ 'ಪ್ರೀತಿಯ' ಅನ್ನುವುದನ್ನು ಹೊಡೆದು ಹಾಕಿದೆ. ಪ್ರೀತಿ ಇಲ್ಲ ಅಂತಲ್ಲ. ಈ ಪತ್ರದ ತುಂಬ ಇರುವುದು ಹೊಟ್ಟೆಕಿಚ್ಚು. ಹೊರಗೆ ಒಂದು ಬೋರ್ಡು, ಒಳಗೆ ಇನ್ನೊಂದು ಸಾಮಾನು ಇಡುವ ಅಂಗಡಿ ನನ್ನದಲ್ಲ ಅಂತ ನಿನಗೆ ಗೊತ್ತೇ ಇದೆ.

ಎರಡು ಬೀದಿ ಆಚೆ ರಿಪೇರಿ ಅಂಗಡಿ ಇಟ್ಟುಕೊಂಡಿರುವವನಿಗೆ ಪತ್ರ ಬೇರೆ ಕೇಡು ಅಂತ ನಗಬೇಡ. ಎದುರಿಗೆ ಬಂದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಫೋನಿನಲ್ಲಂತೂ ಇನ್ನೂ ಜೋರು. ಕಾಗದವಾದರೆ ಬರೆದದ್ದನ್ನು ಹರಿದು ಇನ್ನೊಂದು ಸಲ ಬರೆಯಬಹುದು. ಇದು ನಾಲ್ಕನೆಯ ಸಲ.

ಭಾನುವಾರ ಏನಾಯಿತು ಅಂತ ನನ್ನ ಮಗಳು ನಿನಗೆ ಅರ್ಧ ಹೇಳಿರುತ್ತಾಳೆ. ಅಮ್ಮನ ಮಾನ ಕಳೆಯಬಾರದು ಅಂತ ಇನ್ನರ್ಧ ನುಂಗಿರುತ್ತಾಳೆ. ಆ ಅರ್ಧವನ್ನು ನಾನೇ ಹೇಳುತ್ತೇನೆ, ಕೇಳು.

ಎರಡು ತಿಂಗಳ ಹಿಂದೆ ಅವಳು ತನ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು, "ಅಮ್ಮಾ, ಪ್ರತಿಸಲ ಆನ್ ಮಾಡಿದಾಗಲೂ ತಾರೀಖು ಹಿಂದಕ್ಕೆ ಹೋಗ್ತಿದೆ, ಕಾಲೇಜಿನ ವೆಬ್‌ಸೈಟ್ ತೆಗೀತಾನೇ ಇಲ್ಲ" ಅಂದಳು. ನೋಡುವುದೇನಿದೆ ಅದರಲ್ಲಿ! ಗಡಿಯಾರದ ಬ್ಯಾಟರಿ ಸತ್ತಿದೆ. ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಒಳಗೆ ಹೊತ್ತು ಗೊತ್ತು ನೋಡಿಕೊಳ್ಳುವುದು ಬಟ್ಟೆಯ ಗುಂಡಿಯಷ್ಟಿರುವ ಈ ಸೆಲ್ಲೇ ಅಂತ ಗಿರಾಕಿಗಳಿಗೆ ದಿನಾ ಪಾಠ ಮಾಡುವವಳು ನಾನು. ಸ್ವಂತ ಮಗಳಿಗೆ ಏನಂದೆ ಗೊತ್ತಾ? "ಒಂದು ಸಾಮಾನು ನೆಟ್ಟಗೆ ಇಟ್ಕೊಳ್ಳೋಕೆ ಬರಲ್ಲ ನಿನಗೆ. ಇಡು ಅಲ್ಲಿ, ನೋಡ್ತೀನಿ." ಇಟ್ಟಳು. ನಾನು ನೋಡಲಿಲ್ಲ. ಹತ್ತು ದಿನ ಕಾದಳು. ಆಮೇಲೊಂದು ದಿನ, "ಅದು ತಾನಾಗೇ ಸರಿಹೋಯ್ತಮ್ಮ" ಅಂದಳು.

ಇಪ್ಪತ್ತೆರಡು ವರ್ಷ ಇದೇ ರಿಪೇರಿ ಕೆಲಸ ಮಾಡಿದವಳು ಅದನ್ನು ನಂಬಿದೆನಲ್ಲೋ! ಸತ್ತ ಸೆಲ್ಲು ತಾನಾಗಿ ಎದ್ದು ಕೂತಿದ್ದನ್ನು ಎಲ್ಲಾದರೂ ಕಂಡಿದ್ದೀಯಾ? ನನಗೆ ಒಂದು ಕೆಲಸ ತಪ್ಪಿತಲ್ಲ, ಸದ್ಯ ಅಂದುಕೊಂಡೆ. ಅಷ್ಟೇ.

ಮೊನ್ನೆ ಭಾನುವಾರ ಊಟ ಆಗಿತ್ತು. ಅವಳು ಕಾಲೇಜಿಗೆ ಕೊಡಬೇಕಿದ್ದ ಕಟ್ಟಡದ ನಕ್ಷೆಗಳ ಪ್ರಿಂಟಿನ ವಿಷಯ ಮಾತಾಡಲು ಗೆಳತಿಯ ಮನೆಗೆ ಹೋಗಿದ್ದಳು. ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನ ಫ್ಯಾನು ಗೊರಗೊರ ಅನ್ನುತ್ತಿತ್ತು. ಅವಳು ಬರುವುದರೊಳಗೆ ಧೂಳು ತೆಗೆದಿಡೋಣ, ಖುಷಿಪಡಲಿ ಅಂತ ಆಫ್ ಮಾಡಿ ಬಿಚ್ಚಲು ಕೂತೆ. "ಭಾನುವಾರನಾದ್ರೂ ಆ ಸ್ಕ್ರೂಗಳಿಗೆ ರಜಾ ಕೊಡೇ" ಅಂದರು ನಿನ್ನ ಭಾವ. ಅವರ ಮಾತನ್ನು ಯಾವತ್ತು ಕೇಳಿದ್ದೇನೆ, ಅವತ್ತು ಕೇಳಲು!

ಹಿಂಬದಿಯ ಮುಚ್ಚಳ ತೆಗೆದೆ. ಹೊಸ ಸೆಲ್ಲು. ವೈರು ಎರಡನ್ನೂ ಮಡಿಸಿ, ಹಳದಿ ಟೇಪು ಸುತ್ತಿ, ಟೇಪಿನ ಮೇಲೆ ನೀಲಿ ಶಾಯಿಯಲ್ಲಿ ತಾರೀಖು ಬರೆದಿತ್ತು. ತಾರೀಖಿನಲ್ಲಿದ್ದ ಏಳರ ಸೊಂಟಕ್ಕೆ ಒಂದು ಅಡ್ಡಗೆರೆ. ಸೆಲ್ಲು ಬದಲಾಯಿಸಿದರೆ ಟೇಪಿನ ಮೇಲೆ ತಾರೀಖು ಹಾಕಬೇಕು ಅಂತ ನಿನಗೆ ಹೇಳಿಕೊಟ್ಟವಳು ನಾನು. ಏಳಕ್ಕೆ ಅಡ್ಡಗೆರೆ ಎಳೆಯದಿದ್ದರೆ ಒಂದರ ಥರ ಕಾಣುತ್ತೆ ಅಂತ ಸ್ಲೇಟಿನ ಮೇಲೆ ನಿನ್ನ ಕೈಹಿಡಿದು ತಿದ್ದಿಸಿದವಳೂ ನಾನೇ. ಊರಿನಲ್ಲಿ ಇನ್ಯಾರು ಹಾಗೆ ಬರೆಯುತ್ತಾರೆ?

ಹೊಟ್ಟೆಯೊಳಗೆ ಕೆಂಡ ಸುರಿದ ಹಾಗಾಯಿತು ಕಣೋ. ಗಿರಾಕಿಗಳು ನಿನ್ನ ಕಡೆ ಹೋದಾಗಲೂ ಉರಿ ಆಗಿತ್ತು, ಸುಳ್ಳು ಹೇಳುವುದಿಲ್ಲ. ಆ ನಿವೃತ್ತ ಟೀಚರಮ್ಮ ಅಷ್ಟು ದೊಡ್ಡ ಪ್ರಿಂಟರನ್ನು ಆಟೋದಲ್ಲಿ ಹೇರಿಕೊಂಡು, ನನ್ನ ಅಂಗಡಿಯ ಮುಂದೆಯೇ ಹಾದು, ನಿನ್ನ ಅಂಗಡಿಗೆ ಹೋದರು. ನನ್ನನ್ನು ನೋಡಿ ಕೈ ಬೇರೆ ಬೀಸಿದರು! ನಿನ್ನ ಅಂಗಡಿಯ ಬೆಂಚಿನ ಮೇಲೆ ಜನ ಕೆಲಸ ಮುಗಿದ ಮೇಲೂ ಕೂತು ಹರಟೆ ಹೊಡೆಯುತ್ತಾರಂತೆ. ನನ್ನ ಬೆಂಚಿನಲ್ಲಿ ಕೂತವರು ಗಡಿಯಾರ ನೋಡಿಕೊಳ್ಳುತ್ತಾರೆ. ಅದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಆದರೆ ನನ್ನ ಮಗಳು? ಹೆತ್ತ ತಾಯಿ ಇದೇ ಕಸುಬಿನವಳು ಮನೆಯಲ್ಲೇ ಇರುವಾಗ, ಕದ್ದು ನಿನ್ನ ಹತ್ತಿರ ಬರಬೇಕಿತ್ತಾ? ಗಿರಾಕಿಗಳನ್ನು ತಗೋ, ಹೆಸರು ತಗೋ, ಇವಳನ್ನೂ ಬಿಡಲಿಲ್ಲವಲ್ಲ ಅಂತ ಬಾಯಿಗೆ ಬಂದಂತೆ ನಿನ್ನನ್ನು ಬೈದೆ. ಭಾವ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ಧೂಳು ತೆಗೆಯುವುದು ಮರೆತೇ ಹೋಯಿತು. ಚಿಮಟ ಹಾಕಿ ನಿನ್ನ ಸೆಲ್ಲನ್ನು ಕಿತ್ತೆ. ಟೇಪನ್ನು ಹರಿದೆ. ಕಸದ ಬುಟ್ಟಿಗೆ ಎಸೆದೆ. ಚೀಲದಿಂದ ನನ್ನದೊಂದು ಸೆಲ್ಲು ತೆಗೆದು ಸಿಕ್ಕಿಸಿದೆ. ಅದೂ ಅದೇ ಕಂಪನಿಯದು, ಅದೇ ಸಗಟು ಅಂಗಡಿಯದು. ಒಳ್ಳೆಯ ಸೆಲ್ಲು ತೆಗೆದು ಒಳ್ಳೆಯ ಸೆಲ್ಲು ಹಾಕುವ ಹುಚ್ಚಿಯನ್ನು ಎಲ್ಲಿಯೂ ನೋಡಿರಲಿಕ್ಕಿಲ್ಲ ನೀನು.

ಮುಚ್ಚಿ ಆನ್ ಮಾಡಿದೆ. ನೀಲಿ ಪರದೆ ಬಂತು. ಡಿಸ್ಕಿಗೆ ಬೀಗ ಬಿದ್ದಿದೆ, ನಲವತ್ತೆಂಟು ಅಂಕಿಯ ಕೀಲಿ ಕೊಡು ಅಂತು. ಸೆಲ್ಲು ಕಿತ್ತಾಗ ಯಂತ್ರ ತನ್ನ ಸೆಟ್ಟಿಂಗೆಲ್ಲ ಮರೆತಿತ್ತು. ಇದ್ಯಾರೋ ಬೇರೆಯವರ ಕೈ ಅಂತ ಬಾಗಿಲು ಹಾಕಿಕೊಂಡಿತ್ತು. ಗಿರಾಕಿಯ ಲ್ಯಾಪ್‌ಟಾಪ್ ಆಗಿದ್ದರೆ ಮೊದಲು ಕೀಲಿ ಬರೆದುಕೊಳ್ಳದೆ ಸ್ಕ್ರೂ ಮುಟ್ಟುತ್ತಿದ್ದೆನಾ? ಅವಳ ಕೊನೆಯ ವರ್ಷದ ನಕ್ಷೆಗಳೆಲ್ಲ ಅದರೊಳಗೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ಒಂದು ವರ್ಷ ಹಾಳು.

ಅಷ್ಟರಲ್ಲಿ ಬಂದಳು. ಪರದೆ ನೋಡಿದಳು, ಮೇಜಿನ ಮೇಲಿನ ಚಿಮಟ ನೋಡಿದಳು. ಕಿರುಚಲಿಲ್ಲ. "ಅಮ್ಮಾ, ಕೀಲಿ ಬರ್ಕೊಂಡಿದ್ಯಾ?" ಅಂದಳು. ನಾನು ಚಿಮಟವನ್ನು ಎತ್ತಿ ಚೀಲಕ್ಕೆ ಹಾಕಿದೆ. "ಬಿಚ್ಚೋಕೆ ಮುಂಚೆ ಮಾವ ಅದನ್ನೇ ಕೇಳಿದ್ರು. ಬರೆದ ಚೀಟಿ ಅವರ ಅಂಗಡೀಲೇ ಬಿಟ್ಟು ಬಂದಿದೀನಿ" ಅಂತ ನಿನಗೆ ಫೋನ್ ಹಚ್ಚಿದಳು.

ಭಾನುವಾರ ಮಧ್ಯಾಹ್ನ ನೀನು ಮನೆಯಿಂದ ಹೊರಟು ಬಂದು ಅಂಗಡಿಯ ಬಾಗಿಲು ಎತ್ತಿದ ಸದ್ದು ಫೋನಿನಲ್ಲಿ ನನಗೂ ಕೇಳಿಸಿತು. ನೀನು ಆರಾರು ಅಂಕಿ ನಿಧಾನವಾಗಿ ಓದಿದೆ. ಅವಳು ಪ್ರತಿಯೊಂದನ್ನೂ ತಿರುಗಿ ಹೇಳಿ ಒತ್ತಿದಳು. ಎಂಟನೆಯ ಗುಂಪು ಮುಗಿಯುವ ತನಕ ನಾನು ಗೋಡೆಗೆ ಒರಗಿ ನಿಂತಿದ್ದೆ. ತೆರೆದುಕೊಂಡಿತು. ಎಲ್ಲ ಇತ್ತು. ಯಾರು ಬಿಚ್ಚಿದ್ದು, ಯಾಕೆ ಬಿಚ್ಚಿದ್ದು ಅಂತ ನೀನು ಕೇಳುತ್ತೀಯ ಅಂತ ಕಾದೆ. "ಅಕ್ಕನದು ಊಟ ಆಯ್ತೇನೇ?" ಅಂತಷ್ಟೇ ಕೇಳಿ ನೀನು ಫೋನ್ ಇಟ್ಟೆ. ಎರಡು ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಅದಕ್ಕೂ ನಿನ್ನ ಮೇಲೆ ಹೊಟ್ಟೆಕಿಚ್ಚೇ ಬಂತು.

ಆದರೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ನಿನ್ನ ಮಾವನ ಕೈ ಅಷ್ಟು ರುಚಿಯಾಯ್ತಾ? ನಾನು ಸತ್ತಿದ್ನಾ, ಅವನ ಹತ್ರ ಸೆಲ್ಲು ಹಾಕಿಸ್ಕೊಂಡು ಬರೋಕೆ?" ಅಂದೆ.

ಅವಳು ಕಸದ ಬುಟ್ಟಿಯ ಮುಂದೆ ಕೂತು ಹರಿದ ಟೇಪನ್ನು ಎತ್ತಿಕೊಂಡಿದ್ದಳು. "ಹಾಕಿದ್ದು ಮಾವ ಅಲ್ಲಮ್ಮ. ನಾನೇ. ಅವರು ಕೈಕಟ್ಟಿ ಪಕ್ಕದಲ್ಲಿ ಕೂತಿದ್ರು. ತಪ್ಪು ಸ್ಕ್ರೂ ಹಾಕಿದಾಗ್ಲೂ ಬೈಲಿಲ್ಲ, ಇನ್ನೊಂದ್ಸಲ ನೋಡು ಅಂದ್ರು ಅಷ್ಟೇ. ನಿನಗೆ ತೋರಿಸ್ಬೇಕು ಅಂತಿದ್ದೆ, ಬೈತೀಯಾಂತ ಸುಮ್ಮನಾದೆ."

ಅಯ್ಯೋ ತಮ್ಮಾ! ಆ ಏಳು ನಿನ್ನದಲ್ಲ. ಅವಳಿಗೂ ಅಕ್ಷರ ತಿದ್ದಿಸಿದವಳು ನಾನೇ ಅನ್ನುವುದನ್ನು ಹೇಗೆ ಮರೆತೆ? ಅಷ್ಟು ನೀಟಾಗಿ ವೈರು ಮಡಿಸಿದ್ದಳು, ನಾನೇ ನಿನ್ನ ಕೈ ಅಂದುಕೊಳ್ಳುವಷ್ಟು. ನನ್ನ ಮಗಳು ಜೀವನದಲ್ಲಿ ಮೊದಲನೆಯ ಸಲ ಮಾಡಿದ ರಿಪೇರಿಯನ್ನು ನಾನು ಕಿತ್ತು ಕಸಕ್ಕೆ ಹಾಕಿದ್ದೆ.

ಅವತ್ತು ಸಂಜೆಯವರೆಗೂ ನನಗೆ ನೆನಪಾದದ್ದು ಒಂದೇ. ಹದಿಮೂರು ವರ್ಷದ ಹಿಂದೆ ನನ್ನ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ನೀನು ಗಿರಾಕಿಗಳ ಎದುರಿಗೆ ಕಂಪ್ಯೂಟರಿನ ಬೋರ್ಡೊಂದನ್ನು ಸುಟ್ಟಾಗ, "ಈ ಜನ್ಮದಲ್ಲಿ ನಿನಗೆ ಈ ಕೆಲಸ ಬರಲ್ಲ, ಎದ್ದು ಹೋಗು" ಅಂದಿದ್ದೆ. ನೀನು ಸ್ಕ್ರೂಡ್ರೈವರು ಒರೆಸಿ, ಜಾಗದಲ್ಲಿಟ್ಟು ಹೋದೆ. ನೀನು ನನ್ನ ಗಿರಾಕಿಗಳನ್ನು ಕದ್ದು ಹೋದೆ ಅಂತ ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಎದ್ದು ಹೋಗು ಅಂದವಳು ನಾನು ಅಂತ ಯಾರಿಗೂ ಹೇಳಲಿಲ್ಲ, ನಿನ್ನ ಭಾವನಿಗೂ.

ನಕ್ಷೆಗಳನ್ನು ಒಪ್ಪಿಸಿ ಬಂದಿದ್ದಾಳೆ. ಇನ್ನು ಮೂರು ತಿಂಗಳು ರಜೆ. ರಿಪೇರಿ ಕಲಿಯಬೇಕಂತೆ. ನನ್ನ ಹತ್ತಿರ ಅಲ್ಲ, ನಿನ್ನ ಹತ್ತಿರ. ಕಣ್ಣು ತಗ್ಗಿಸಿ ಕೇಳಿದಳು. ಹೋಗು ಅಂದೆ. ಅಂದುಬಿಟ್ಟು ಒಳಗೆ ಹೋಗಿ ತೊಳೆದಿದ್ದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದೆ. ಹೊಟ್ಟೆಕಿಚ್ಚು ಹೋಗಿಲ್ಲ ಕಣೋ, ಒಂದು ಪತ್ರಕ್ಕೆಲ್ಲ ಹೋಗುವ ಜಾತಿಯದಲ್ಲ ಅದು. ಅವಳು ನಿನ್ನ ಪಕ್ಕದಲ್ಲಿ ಕೂತಿರುತ್ತಾಳೆ ಅಂತ ನೆನೆಸಿಕೊಂಡರೆ ಈಗಲೂ ಉರಿಯುತ್ತದೆ.

ಆದರೂ ಒಂದು ಮಾತು ನಿನಗೆ ಸೇರಬೇಕು. ಹದಿಮೂರು ವರ್ಷದಿಂದ ನನ್ನ ಹತ್ತಿರವೇ ಉಳಿದುಬಿಟ್ಟಿದೆ. ನಿನಗೆ ಕೆಲಸ ಬರುತ್ತದೆ ಕಣೋ. ನನಗಿಂತ ಚೆನ್ನಾಗಿ ಬರುತ್ತದೆ.

ನಿನ್ನ ಕೈಗೆ ಯಾವತ್ತೂ ಸೋಲು ಬರದಿರಲಿ, ನಿನ್ನ ಬೆಂಚು ಯಾವತ್ತೂ ಖಾಲಿ ಇರದಿರಲಿ.

ಇಂತಿ, ಉರಿಯುತ್ತಲೇ ಹರಸುವ,
ನಿನ್ನ ಅಕ್ಕ