ಅಪ್ಪಯ್ಯನ ಕಣ್ಣಳತೆ

ಅಪ್ಪಯ್ಯ,

ಇದು ನಿಂತು ಓದುವ ಪತ್ರವಲ್ಲ, ಕೂತುಕೊಳ್ಳಿ.

ಡೊಂಬಿವಲಿಯ ನಮ್ಮ ಹೋಟೆಲಿನಲ್ಲಿ ನೀವು ಸಾಂಬಾರಿನ ಕೊಪ್ಪರಿಗೆಯ ಮುಂದೆ ನಿಲ್ಲುತ್ತಿದ್ದುದು ನೆನಪಾಗುತ್ತದೆ. ದೇವರಿಗೆ ನೈವೇದ್ಯವಾಗುವ ಮೊದಲು ರುಚಿ ನೋಡುವಂತಿಲ್ಲ, ಮೂಸುವಂತಿಲ್ಲ. ನೀವು ಕುದಿ ನೋಡಿ, ಮುಷ್ಟಿಯಲ್ಲಿ ಉಪ್ಪು ಹಾಕಿ, "ಸರಿ ಉಂಟು" ಎಂದರೆ ಮುಗಿಯಿತು. ನಲವತ್ತು ವರ್ಷ ಒಂದು ದಿನವೂ ತಪ್ಪಿರಲಿಲ್ಲ. ಅಬ್ಬಾ, ಏನು ಜಂಬ ನಿಮಗೆ ಆ ಕಣ್ಣಳತೆಯದು!

ನನ್ನ ಸಂಶೋಧನೆ ಎಂಥದ್ದೆಂದು ನೀವು ಕೇಳಿದ ಶನಿವಾರ ನಾನು ಮರೆತಿಲ್ಲ. ಗ್ರಹಗಳಿರುವ ಎಳೆಯ ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡಿ, ಅವುಗಳಲ್ಲಿ ಕಬ್ಬಿಣವೆಷ್ಟು, ಲಿಥಿಯಂ ಎಷ್ಟು ಎಂದು ಹೇಳುವುದು ಎಂದೆ. ನೀವು ತುಂಬಿದ ಹೋಟೆಲಿಗೆ ಕೇಳುವಂತೆ ಕೂಗಿದಿರಿ: "ಕೇಳಿದ್ರಾ? ನಕ್ಷತ್ರದಲ್ಲಿ ಉಪ್ಪೆಷ್ಟು ಅಂತ ಇವಳು ಹೇಳ್ತಾಳಂತೆ! ಒಂದು ಸಾರಿಗೆ ಉಪ್ಪು ಹಾಕ್ಲಿಕ್ಕೆ ಬರುದಿಲ್ಲ ಮಾರಾಯ್ರೆ." ಎಲ್ಲರೂ ನಕ್ಕರು. ಮುಟ್ಟದೆ, ಬರೀ ನೋಡಿ ಹೇಳುವುದು; ನಿಮ್ಮದೂ ಅದೇ ಕಸುಬಲ್ಲವೇ? ಅವತ್ತು ನಿಮ್ಮನ್ನು ನಾನು ಮನಸಾರೆ ದ್ವೇಷಿಸಿದೆ.

ಮರುದಿನ ಬೆಳಿಗ್ಗೆ ನೀವು ಉಪ್ಪು ಹಾಕಿ, ದೇವರ ದೀಪ ಹಚ್ಚಲು ತಿರುಗಿದಿರಿ. ನಾನು ಒಲೆಯ ಪಕ್ಕದಲ್ಲೇ ಇದ್ದೆ, ಆಗ... ಅರ್ಧ ಗಂಟೆಯಲ್ಲಿ ದಿನಾ ತಿಂಡಿಗೆ ಬರುವ ಜೋಶಿಕಾಕಾ ಇಡ್ಲಿ-ಸಾಂಬಾರಿನ ತಟ್ಟೆ ದೂಡಿದರು. "ಕಾಯ್ ಅಣ್ಣಾ, ಆಜ್ ಖಾಡೀಚಂ ಪಾಣೀ ಘಾತಲಂ ಕಾ?" ಇವತ್ತು ಖಾಡಿಯ, ಅಂದರೆ ಕಡಲ ಹಿನ್ನೀರಿನ, ಉಪ್ಪುನೀರನ್ನೇ ಸುರಿದಿರಾ ಎಂದಾಗ ಇಡೀ ಹೋಟೆಲು ನಕ್ಕಿತು. ನಾನೂ ನಕ್ಕೆ.

ಆಮೇಲೆ ನೀವು ಅಡುಗೆಮನೆಗೆ ಕಾಲಿಡಲಿಲ್ಲ. ಒಂದು ಸಂಜೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಿರಿ: "ಮಗಾ, ನನ್ನ ಕಣ್ಣು ಹೋಯ್ತಾ ಹೇಗೆ?" ನಾನು ಫೋನಿನಿಂದ ತಲೆ ಎತ್ತದೆ, "ವಯಸ್ಸಾಯ್ತಲ್ಲ, ಬಿಡಿ" ಎಂದೆ. ಮುಂದಿನ ಮಳೆಗಾಲ ಕಾಣಲು ನೀವಿರಲಿಲ್ಲ.

ಈಗ ಸೀವುಡ್ಸ್‌ನ ಬಾಡಿಗೆ ಕೋಣೆಯಲ್ಲಿ ಕೂತು ನಾನು ದಿನವಿಡೀ ಒಂದೇ ಪ್ರಶ್ನೆ ಕೇಳುತ್ತೇನೆ. ಈ ನಕ್ಷತ್ರದ ಕಬ್ಬಿಣ ಹುಟ್ಟಿನಿಂದ ಬಂದದ್ದೋ, ಅಥವಾ ಅದರದೇ ಗ್ರಹವೊಂದು ಒಳಗೆ ಬಿದ್ದು ಆಮೇಲೆ ಸೇರಿದ್ದೋ? ನಕ್ಷತ್ರಕ್ಕೆ ಇಷ್ಟು ನ್ಯಾಯ ಮಾಡುವವಳು ನಿಮಗೆ ಮಾಡಲಿಲ್ಲ. ನಿಮ್ಮ ಉಪ್ಪು ಸರಿಯಾಗಿತ್ತು, ಅಪ್ಪಯ್ಯ. ಮೇಲೆ ಎರಡು ಮುಷ್ಟಿ ಸುರಿದವಳು ನಾನು.

ನಾಳೆ ವರ್ತಕ ನಗರದ ಮನೆಯಲ್ಲಿ ನಿಮ್ಮ ವರ್ಷಾಂತಿಕ. ಸಾರಿಗೆ ಉಪ್ಪು ಹಾಕಲು ಅಮ್ಮ ನನಗೇ ಹೇಳಿದ್ದಾಳೆ. "ನಿನ್ನ ಕೈ ಅಪ್ಪಯ್ಯಂದೇ" ಅಂತೆ! ನಾಳೆಯೂ ಯಾರೂ ಮೊದಲು ರುಚಿ ನೋಡುವಂತಿಲ್ಲ. ಕಾಗೆಗೆ ಎಲೆ ಹೊರಗಿಡುವ ಮುಂಚೆ ನಾನು ಮಾಡಿದ್ದನ್ನು ಎಲ್ಲರೆದುರು ಹೇಳುತ್ತೇನೆ. ಆಮೇಲೆ ಕಾಗೆ ಮುಟ್ಟದಿದ್ದರೆ, ಅದು ಉಪ್ಪಿನ ತಪ್ಪೆಂದು ಯಾರೂ ಹೇಳುವುದಿಲ್ಲ.