ಸೈರನ್ ಇರುವ ಜನಪದ ಗೀತೆ

ಓಲ್ಡ್ ಟೌನ್, ಭದ್ರಾವತಿ
೧೮ ಫೆಬ್ರವರಿ ೨೦೨೫, ಮಂಗಳವಾರ

ಪ್ರೀತಿಯ ಅಮೂಲ್ಯಾ,

ಸಂಘಟಕರು ಒಪ್ಪಿಕೊಂಡಿದ್ದು: ಪೋಸ್ಟರಿನಲ್ಲಿ ನಿಮ್ಮ ತಂಡದ ಹೆಸರು. ಕೊಟ್ಟಿದ್ದು: ‘ಹಾಗೂ ಸ್ಥಳೀಯ ಆರ್ಕೆಸ್ಟ್ರಾ’. ಒಪ್ಪಿಕೊಂಡಿದ್ದು: ಮೈಕು, ಸ್ಪೀಕರು ಸರಿಮಾಡಿಕೊಳ್ಳಲು ಮಧ್ಯಾಹ್ನವೇ ವೇದಿಕೆ. ಕೊಟ್ಟಿದ್ದು: ಸನ್ಮಾನದ ಕುರ್ಚಿಗಳ ಹಿಂದೆ ನಿಲ್ಲಲು ಒಂದಿಷ್ಟು ಜಾಗ. ಒಪ್ಪಿಕೊಂಡಿದ್ದು: ಬರೀ ಸ್ವಂತ ಹಾಡು. ಕೊಟ್ಟಿದ್ದು: ‘ನಡುವೆ ಸಿನಿಮಾ ಹಾಡು ಹಾಕಿ, ಜನ ಎದ್ದು ಹೋಗ್ತಾರೆ’ ಎಂಬ ಬುದ್ಧಿವಾದ. ಒಪ್ಪಿಕೊಂಡಿದ್ದು: ಹಾಡು ಬರೆದವಳ ಹೆಸರನ್ನು ಮೈಕಿನಲ್ಲಿ ಹೇಳುವುದು. ಅದನ್ನು ಕೊಡಲೇ ಇಲ್ಲ.

ಇಷ್ಟು ಕಾಗದಕ್ಕೆ ಇಳಿಸಿದ ಮೇಲೆ ಈಗ ಕುಶಲ ಕೇಳಬಹುದು. ಹೇಗಿದ್ದೀಯ? ಗಂಟಲು ಹೇಗಿದೆ? ನಿಮ್ಮಮ್ಮನ ಮೇಲೆ ರೇಗುವುದು ನಿಲ್ಲಿಸಿದ್ದೀಯ? ನಾನು ಆವತ್ತೇ ಬರೆಯಬೇಕಿತ್ತು. ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕೋಪದಲ್ಲಿ ಬರೆದರೆ ನನ್ನ ಪತ್ರ ಕರಪತ್ರವಾಗುತ್ತದೆ ಎಂದು ನಿಮ್ಮಮ್ಮ ಹೇಳುತ್ತಾಳಲ್ಲ, ಅದು ಸುಳ್ಳಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದ ಹಾಗಲ್ಲ, ಮುಗಿಯುವವರೆಗೆ ಓದಲೇಬೇಕು.

ಶನಿವಾರ ಶಿವಮೊಗ್ಗದ ಆ ವೇದಿಕೆಯಲ್ಲಿ ಏನಾಯಿತೆಂದು ನನಗೆ ನಾಲ್ಕು ಬಾಯಿಂದ ಬಂತು. ನೀನು ಬರೆದ ಹಾಡು ಶುರುವಾಗುವ ಮೊದಲು ನಿರೂಪಕ ‘ಇದೀಗ ನಮ್ಮ ನೆಲದ ಒಂದು ಜನಪದ ಗೀತೆ’ ಎಂದ. ನೀನು ಹಾಡಿದೆ. ಪೂರ್ತಿ ಹಾಡಿದೆ, ಅದಕ್ಕೆ ನಿನಗೆ ನೂರಕ್ಕೆ ನೂರು. ಕೆಳಗಿಳಿದು ಅತುಲನಿಗೆ ಹೇಳಿದರೆ ಅವನು ಗಿಟಾರು ಚೀಲಕ್ಕೆ ತುರುಕುತ್ತಾ, “ಜನಪದ ಅಂದ್ರೆ ಕಾಂಪ್ಲಿಮೆಂಟು ಮಾರಾಯ್ತಿ” ಎಂದ. ನೀನು ನೇರ ಹೋಗಿ ಆಟೋ ಹತ್ತಿದೆ. ‘ಇನ್ನು ನಾನು ಎರಡನೇ ಪಾಳಿಯಲ್ಲಿ ಇಲ್ಲ’ ಎಂದು ಒಂದು ಸಾಲು ಮೆಸೇಜು ಹಾಕಿ ಫೋನು ಆಫ್ ಮಾಡಿದೆ. ಹಗಲೆಲ್ಲ ದುಡಿದು ಸಂಜೆ ಹಾಡಲು ಕೂಡುವ ನಾಲ್ಕು ಜನ ‘ಎರಡನೇ ಪಾಳಿ’ ಎಂದು ಹೆಸರಿಟ್ಟುಕೊಂಡಾಗ ನಾನೆಷ್ಟು ಹಿಗ್ಗಿದ್ದೆ. ಆ ಹೆಸರು ಒಂದೇ ಸಂಜೆಯಲ್ಲಿ ಮುಗಿದುಹೋಯಿತೆಂದುಕೊಂಡೆ.

ನಿನಗೆ ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ. ಭಾನುವಾರ ಮಧ್ಯಾಹ್ನ ನಿನ್ನ ತಂಡದ ಉಳಿದ ಮೂವರೂ ಬಸ್ಸು ಹತ್ತಿ ನನ್ನ ಮನೆಗೆ ಬಂದಿದ್ದರು. ನಾನು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದೆ. ಡ್ರಮ್ ಬಾರಿಸುವ ರೂಪೇಶ್ ಮುಂದೆ, ಬೇಸ್ ಗಿಟಾರಿನ ಶಿವಯೋಗಿ ಹಿಂದೆ, ನಡುವೆ ಪೊಲೀಸರ ಜೊತೆ ಬಂದವನ ಹಾಗೆ ಅತುಲ್.

“ಆಂಟಿ, ಅಮೂಲ್ಯ ಫೋನ್ ಎತ್ತುತಾ ಇಲ್ಲ.”

“ಆಂಟಿ ಅಂದೋರಿಗೆ ಈ ಮನೇಲಿ ಕಾಫಿ ಇಲ್ಲ ಕಣಪ್ಪ. ದೊಡ್ಡಮ್ಮ ಅನ್ನು, ಇಲ್ಲ ಮಹಾಂತಮ್ಮ ಅನ್ನು. ಕೂತ್ಕೊ. ಕೈ ಖಾಲಿ ಇದ್ರೆ ಸುಳ್ಳು ಜಾಸ್ತಿ ಬರುತ್ತೆ, ಕಾಯಿ ಬಿಡಿಸು.”

ಮೂವರೂ ಮೊರದ ಸುತ್ತ ಕೂತರು. ನಮ್ಮ ಹೋರಾಟದ ಜಾಥಾ ಕಾಲದ ನಿಯಮವನ್ನೇ ಹಾಕಿದೆ: ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಬಿಡುವಂತಿಲ್ಲ, ಸುತ್ತು ಮುಗಿಯುವವರೆಗೆ ಯಾರೂ ಏಳುವಂತಿಲ್ಲ.

“ನಾನು ಕದ್ದಿಲ್ಲ ದೊಡ್ಡಮ್ಮ,” ಅತುಲ್ ಶುರುಮಾಡಿದ. “ನಿರೂಪಕ ಬಂದು ಯಾರ ಹಾಡ್ರೀ ಇದು ಅಂದ. ನಮ್ಮೂರಿಂದೇ ಸಾರ್ ಅಂದೆ. ಅವನು ಅದನ್ನ ಜನಪದ ಮಾಡ್ಬಿಟ್ಟ.”

“ಮಾಡ್ಬಿಟ್ಟ. ನಿನ್ನ ಮುಂದೂ ಒಂದು ಮೈಕಿತ್ತಲ್ಲ? ಅಲ್ಲ ಅನ್ನೋಕೆ ಏನಾಗಿತ್ತು?”

“ಅನ್ನೋಣ ಅಂತಲೇ ಇದ್ದೆ. ಅಷ್ಟರಲ್ಲಿ ಜನ ಕೂತ್ಬಿಟ್ರು.”

“ಏನಂದೆ?”

“ಎದ್ದು ಸ್ಕೂಟರ್ ಕಡೆ ಹೋಗ್ತಿದ್ದೋರು ವಾಪಸ್ ಬಂದು ಕೂತ್ರು ದೊಡ್ಡಮ್ಮ. ಜನಪದ ಅಂದಿದ್ದಕ್ಕೇ. ನಮ್ಮ ಸ್ವಂತ ಹಾಡು ಅಂತ ಹೇಳಿದಾಗ ಯಾವತ್ತೂ ಹಂಗೆ ಕೂತಿರ್ಲಿಲ್ಲ. ನಾನು ಬಾಯಿ ಮುಚ್ಕೊಂಡೆ. ರಾತ್ರಿ ಯೂಟ್ಯೂಬಿಗೆ ಹಾಕೋವಾಗಲೂ ‘ಸಾಹಿತ್ಯ: ಜನಪದ’ ಅಂತಲೇ ಹಾಕಿದೆ. ಬೆಳಗ್ಗೆ ಎದ್ದು ನೋಡಿದ್ರೆ ಯಾವತ್ತೂ ಬರದಷ್ಟು ಜನ ನೋಡಿದಾರೆ.”

ಸಿಟ್ಟು ಬಂತು, ಆದರೆ ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ, ಹಸಿವು ಇತ್ತು. ಕೇಳುವವರಿಗಾಗಿ ಹಸಿದವನ ಮುಖ ನನಗೆ ಚೆನ್ನಾಗಿ ಗೊತ್ತು. ಆದರೂ ಬಿಡಲಿಲ್ಲ. ಮುಚ್ಚಿದ ಕಾರ್ಖಾನೆಯ ಮೇಲೆ ನೀನು ಬರೆದ ಹಾಡಿನ ಮೊದಲ ನುಡಿಯನ್ನು ಅವನ ಮುಖಕ್ಕೇ ಹೇಳಿದೆ:

ಸೈರನ್ನು ಕೂಗದೆ ಬೆಳಗಾಯ್ತು ನಮ್ಮೂರು
ಯಾರಿಗೆ ಕಟ್ಟಲಿ ಬುತ್ತೀಯ, ಗೋಡೆಗೆ
ಒರಗಿ ಕೇಳ್ಯಾವೆ ಸೈಕಲ್ಲು.

“ಸೈರನ್ ಇರೋ ಜನಪದ ಗೀತೆ ಯಾವ ಕಾಲದ್ದೋ ಮಾರಾಯ? ಕೆಳದಿ ಅರಸರ ಕಾಲದಲ್ಲಿ ಫಸ್ಟ್ ಶಿಫ್ಟ್ ಇತ್ತಾ?”

ರೂಪೇಶ್ ನಗು ತಡೆಯಲಾರದೆ ಮೊರಕ್ಕೇ ಕೈ ಬಡಿದ. ಕಾಳೆಲ್ಲ ಜಗಲಿ ತುಂಬ ಚೆಲ್ಲಿಹೋಯಿತು. ಆರಿಸುತ್ತಾ ಆರಿಸುತ್ತಾ ಶಿವಯೋಗಿ ಬಾಯಿಬಿಟ್ಟ. ಆ ಹುಡುಗ ಮಾತಾಡಿದ್ದನ್ನು ನಾನು ಕೇಳಿದ್ದೇ ಅದು ಮೊದಲು.

“ಅವಳು ಬರೆಯೋವಾಗ ನಾನು ಪಕ್ಕದಲ್ಲೇ ಇದ್ದೆ ಕಣೋ ಅತುಲ್. ರೂಪೇಶನ ಅಪ್ಪನ ಹಿಟ್ಟಿನ ಗಿರಣಿ ಮೆಟ್ಟಿಲ ಮೇಲೆ ಕೂತು, ‘ನಿಂತು ಕೇಳ್ಯಾವೆ’ ಅನ್ನಲಾ ‘ಒರಗಿ ಕೇಳ್ಯಾವೆ’ ಅನ್ನಲಾ ಅಂತ ವಾರಗಟ್ಟಲೆ ನನ್ನ ತಲೆ ತಿಂದಳು. ಜನಪದಕ್ಕೆ ಯಾರೂ ಹಿಂಗೆ ತಲೆ ತಿನ್ನಲ್ಲ.”

ಅತುಲ್ ಆರಿಸಿದ ಕಾಳನ್ನೆಲ್ಲ ಮೊರಕ್ಕೆ ಸುರಿದ. ಆಮೇಲೆ, “ಹೆಸರು ಹಾಕಿದ್ರೆ ನೋಡೋರು ಕಮ್ಮಿ ಆಗ್ತಾರೆ,” ಎಂದ.

“ಆಗಲಿ,” ಎಂದ ರೂಪೇಶ್. ನಾನಲ್ಲ, ರೂಪೇಶ್. ಅಲ್ಲಿ ನನಗೆ ಅರ್ಧ ಉಸಿರು ಬಂತು.

ಅತುಲ್ ನನ್ನ ಜಗಲಿಯ ಮೇಲೇ ಫೋನು ತೆಗೆದು ‘ಜನಪದ’ ಅಳಿಸಿ ‘ಅಮೂಲ್ಯ ಶಿವರಾಜ್’ ಎಂದು ಹಾಕಿದ. ಕೆಳಗೆ ತಾನೇ ಬರೆದ: ‘ಇದು ಜನಪದ ಗೀತೆಯಲ್ಲ. ನಮ್ಮ ತಂಡದ ಗಾಯಕಿ ಬರೆದದ್ದು. ಮೊದಲು ತಪ್ಪು ಹಾಕಿದ್ದು ನಾನು, ಅತುಲ್.’ ನಾನು ಹೇಳಿಕೊಟ್ಟಿದ್ದಲ್ಲ. ಮೂವರಿಗೂ ಎರಡೆರಡು ಸಲ ಕಾಫಿ ಕೊಟ್ಟೆ.

ನಿನ್ನೆ ಸಂಜೆ ರೂಪೇಶ್ ಫೋನು ಮಾಡಿದ. “ದೊಡ್ಡಮ್ಮ, ಪ್ರಾಕ್ಟೀಸಿಗೆ ಬಂದಳು! ಬಂದ ಕೂಡಲೇ ನನ್ನ ಡ್ರಮ್ ಜೋರಾಯ್ತು ಅಂತ ಬೈದಳು.” ಬೈದಳೆಂದರೆ ತಂಡ ಬಿಟ್ಟಿಲ್ಲ. ಫೋನಿಟ್ಟು ಒಲೆ ಮುಂದೆ ಕೂತು ಒಬ್ಬಳೇ ನಕ್ಕೆ. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದುಹೋಯಿತು. ರಾತ್ರಿ ಸೊಳ್ಳೆಪರದೆ ಕಟ್ಟುವುದನ್ನೂ ಮರೆತು ಮಲಗಿದ್ದೆ, ನೋಡು.

ಸಮಾಧಾನ ಆಯಿತು, ಹಾಗೆಂದು ನಿನಗೆ ಬೈಯುವುದನ್ನು ಬಿಡುವುದಿಲ್ಲ. ಸಭಾತ್ಯಾಗ ಮಾಡುವವರು ಕಾರಣ ಹೇಳಿ ಮಾಡುತ್ತಾರೆ. ನೀನು ಆಟೋ ಹತ್ತಿದೆ. ಮೆಸೇಜಿನಲ್ಲಿ ರಾಜೀನಾಮೆ ಕೊಡುವುದು ಹೋರಾಟವಲ್ಲ, ಮುನಿಸು. ಇನ್ನು ಮುಂದೆ ಜಗಳವಿದ್ದರೆ ನೀವು ಅಭ್ಯಾಸ ಮಾಡುವ ಗಿರಣಿಯ ಮೇಲಿನ ಕೋಣೆಯಲ್ಲಿ, ಎಲ್ಲರೂ ಕೂತು, ಸುತ್ತಿನ ಪ್ರಕಾರ. ವೇದಿಕೆಯ ಹಿಂದೆ ಬೇಡ, ಫೋನಿನಲ್ಲಂತೂ ಬೇಡವೇ ಬೇಡ.

ತಂಡ ನಡೆಸುವುದು ಹಾಡುವುದಕ್ಕಿಂತ ಬೇರೆ ಕೆಲಸ. ನಾನು ಊರೂರು ತಿರುಗಿ ಕಲಿತದ್ದನ್ನು ಹೇಳುತ್ತೇನೆ, ಹಳೆಯದೆಂದು ಮೂಗು ಮುರಿಯಬೇಡ. ಹೊಸಮನೆಯ ಆ ಹಿಟ್ಟಿನ ಗಿರಣಿಯ ಕೋಣೆ ನಿಮ್ಮ ಪುಣ್ಯ, ಬಿಡಬೇಡಿ. ಗಿರಣಿಯ ಸದ್ದಿಗೆ ಒಗ್ಗಿದ ಬೀದಿಯವರು ಡ್ರಮ್ಮಿಗೆ ಗಲಾಟೆ ಮಾಡುವುದಿಲ್ಲ. ತಿಂಗಳಿಗೊಮ್ಮೆ ನೀವೇ ಕೋಣೆ ಗುಡಿಸಿ, ರೂಪೇಶನ ಅಪ್ಪನ ಕೈಗೆ ಪೊರಕೆ ಬರಬಾರದು. ಅಭ್ಯಾಸದ ದಿನ ಒಬ್ಬ ತಡವಾದರೆ ಕಾಯಬೇಡಿ, ಅವನಿಲ್ಲದೆಯೇ ಶುರುಮಾಡಿ. ಅರ್ಧ ಹಾಡಿನಲ್ಲಿ ಒಳಗೆ ಬರುವವನಿಗೆ ಬೈಯುವ ಅಗತ್ಯವೇ ಬೀಳುವುದಿಲ್ಲ. ಪ್ರತಿ ಅಭ್ಯಾಸವನ್ನೂ ಫೋನಿನಲ್ಲಿ ಹಿಡಿದು ಮರುದಿನ ಕೇಳಿ. ಹಾಡುವಾಗ ಎಲ್ಲರೂ ತಮ್ಮನ್ನು ಮಾತ್ರ ಕೇಳಿಸಿಕೊಳ್ಳುತ್ತಾರೆ.

ಕಾರ್ಯಕ್ರಮಕ್ಕೆ ಒಪ್ಪುವ ಮೊದಲು ಎಲ್ಲವೂ ಬರಹದಲ್ಲಿ ಬರಲಿ: ತಂಡದ ಹೆಸರು ಹೇಗೆ ಅಚ್ಚಾಗುತ್ತದೆ, ಎಷ್ಟು ಹೊತ್ತು, ಯಾವ ಹಾಡು, ಯಾರ ಸಾಹಿತ್ಯ. ವಾಟ್ಸಾಪಿನಲ್ಲಿ ಬಂದರೂ ಸಾಕು, ಆದರೆ ‘ನೋಡ್ಕೊಳ್ಳೋಣ ಬಿಡಮ್ಮ’ ಎನ್ನುವವನನ್ನು ನಂಬಬೇಡ. ಅವನು ಏನನ್ನೂ ನೋಡಿಕೊಳ್ಳುವುದಿಲ್ಲ. ವೇದಿಕೆಗೆ ಹೋದ ಕೂಡಲೇ ಮೊದಲು ಮಾತಾಡಿಸಬೇಕಾದವನು ಸಂಘಟಕನಲ್ಲ, ಮೈಕು ಸೆಟ್ಟಿನವನು. ಅವನ ಹೆಸರು ಕೇಳು, ಟೀ ಕುಡಿಸು, ನಿನ್ನ ದನಿ ಎಲ್ಲಿ ಏರುತ್ತದೆಂದು ಹೇಳು. ವೈರುಗಳು ನಿಮ್ಮವೇ ಇರಲಿ. ನಿರೂಪಕನಿಗೆ ನಿಮ್ಮ ಹಾಡಿನ ಪರಿಚಯ ಬಿಟ್ಟುಕೊಡಬೇಡಿ. ನಾಲ್ವರಲ್ಲಿ ಒಬ್ಬರು ಎರಡೇ ಮಾತಿನಲ್ಲಿ ಹೇಳಿ. ಗಿಟಾರು ಶ್ರುತಿ ಮಾಡುವಾಗ ಕಥೆ ಹೊಡೆಯಬೇಡಿ, ಅತುಲನಿಗೆ ಆ ಚಟವಿದೆ.

ಸಿನಿಮಾ ಹಾಡಿನ ವಿಷಯ. ಹಾಡುವುದೋ ಬಿಡುವುದೋ ಒಂದು ದಿನ ಕೂತು ತೀರ್ಮಾನಿಸಿ, ಮುಗಿಸಿ. ಪ್ರತಿ ವೇದಿಕೆಯ ಮೆಟ್ಟಿಲ ಮೇಲೆ ಅದೇ ಚರ್ಚೆ ಮಾಡಿದರೆ ಯಾರಾದರೂ ಬಗ್ಗಿಸುತ್ತಾರೆ. ಶಂಕರಘಟ್ಟದಲ್ಲಿ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಮಕ್ಕಳು ಕರೆದಿದ್ದಾರಂತೆ, ಮೇಲೊಂದು ಪೆಂಡಾಲು ಕೂಡ ಇಲ್ಲದಿದ್ದರೂ ಹೋಗಿ. ಬರುವವರು ಕಡಿಮೆ ಇರಬಹುದು, ಆದರೆ ಅವರು ಸನ್ಮಾನಕ್ಕೆ ಬಂದವರಾಗಿರುವುದಿಲ್ಲ. ಅಲ್ಲಿ ನಿನ್ನ ಹಾಡಿನ ಪರಿಚಯ ಅತುಲ್ ಮಾಡಲಿ. ಅವನೇ ಕೇಳಿಕೊಂಡಿದ್ದಾನೆ.

ಗಂಟಲಿಗೆ ಬಿಸಿನೀರು ಕುಡಿ, ತಣ್ಣಗಿನ ಸೋಡಾ ಬಿಡು. ‘ಚಿ.ಸೌ.’ ಎಂದು ಬರೆಯುವ ಅಭ್ಯಾಸ ನನಗಿಲ್ಲ, ನಿನಗೆ ಗೊತ್ತು. ನಿನ್ನ ದನಿ ಯಾರ ಮುಂದೆಯೂ ಕುಗ್ಗದಿರಲಿ, ನಿಮ್ಮ ನಾಲ್ವರ ಕೈ ಒಂದೇ ತಾಳಕ್ಕೆ ಬೀಳಲಿ. ಇದೇ ನನ್ನ ಆಶೀರ್ವಾದ.

ನಿನ್ನ ದೊಡ್ಡಮ್ಮ,
ಮಹಾಂತಮ್ಮ

ತಾ.ಕ.: ಪತ್ರ ಅಂಟಿಸಿ ಮತ್ತೆ ಬಿಚ್ಚಿದೆ. ಒಂದು ಹೆಸರಿಗೆ ದೊಡ್ಡಮ್ಮ ಇಷ್ಟೊಂದು ಯಾಕೆ ಉರಿದುಬಿದ್ದಳೆಂದು ನೀನು ಕೇಳೇ ಕೇಳುತ್ತೀಯ.

ನೀನು ಚಿಕ್ಕವಳಿದ್ದಾಗ ಶಾಲೆಯಲ್ಲಿ ಜನಪದ ಗೀತೆ ಸ್ಪರ್ಧೆಗೆ ‘ಹೊತ್ತ ಬಿಂದಿಗೆ ಇಳಿಸೆ ಅಕ್ಕಯ್ಯ’ ಹಾಡಿ ಮೊದಲ ಬಹುಮಾನ ತಂದೆಯಲ್ಲ, ಜರಿ ಲಂಗ ಉಟ್ಟು, ಸೊಂಟದ ಮೇಲೆ ಪುಟ್ಟ ಬಿಂದಿಗೆ ಇಟ್ಟುಕೊಂಡು? ಅದು ಬಿಂದಿಗೆ ಅಲ್ಲ ಮಗಳೇ, ಇಟ್ಟಿಗೆ. ‘ಹೊತ್ತ ಇಟ್ಟಿಗೆ ಇಳಿಸೆ ಅಕ್ಕಯ್ಯ, ಅದರ ಕೆಳಗೆ ನಿನ್ನ ತಲೆ ಐತೆ.’ ಇಟ್ಟಿಗೆ ಗೂಡಿನ ಹೆಂಗಸರು ಕೂಲಿಗಾಗಿ ಧರಣಿ ಕೂತಿದ್ದಾಗ ಅವರ ಪಕ್ಕ ಕೂತು ನಾನು ಬರೆದದ್ದು. ಕ್ಯಾಸೆಟ್ಟು ಮಾಡುವಾಗ ನಮ್ಮ ಜಾಥಾ ತಂಡದ ಮುಖಂಡ ಭೂತಪ್ಪ, “ಹೋರಾಟದ ಹಾಡಿಗೆ ಹೆಸರಿರಬಾರದು ಮಹಾಂತಮ್ಮ, ಅದು ಜನರದ್ದು” ಎಂದು ನನ್ನ ಹಾಡಿನ ಮುಂದೆ ‘ಜನಪದ’ ಎಂದು ಅಚ್ಚು ಹಾಕಿಸಿದ. ಅವನ ಹಾಡುಗಳ ಮುಂದೆ ಅವನ ಹೆಸರಿತ್ತು. ನಾನು ಕೇಳಿದೆ, ಜಗಳವಾಡಿದೆ. ‘ಹೆಣ್ಣುಮಕ್ಕಳಿಗೆ ಹೆಸರಿನ ಆಸೆ’ ಎಂದು ಎಲ್ಲರೂ ನಕ್ಕರು. ಊರಿಂದೂರಿಗೆ ಹೋಗುತ್ತಾ ಇಟ್ಟಿಗೆ ಯಾವಾಗಲೋ ಬಿಂದಿಗೆ ಆಯಿತು, ಹೊತ್ತವಳು ಗೂಡು ಬಿಟ್ಟು ಬಾವಿಗೆ ಹೋದಳು. ನಿನ್ನ ಸ್ಪರ್ಧೆಯ ದಿನ ನಾನು ಮುಂದಿನ ಸಾಲಿನಲ್ಲಿದ್ದೆ. ನೀನು ಅಷ್ಟು ಚೆನ್ನಾಗಿ ಹಾಡಿದೆ. ಆ ಖುಷಿಯ ಮುಖಕ್ಕೆ ಏನು ಹೇಳಲಿ?

ಅದರ ಕೊನೆಯ ನುಡಿ ನಿಮ್ಮ ಟೀಚರಿಗೂ ಗೊತ್ತಿರಲಿಲ್ಲ, ಕ್ಯಾಸೆಟ್ಟಿನಲ್ಲೂ ಇಲ್ಲ. ಅಲ್ಲಿ ಅಕ್ಕಯ್ಯ ಇಟ್ಟಿಗೆ ಇಳಿಸುತ್ತಾಳೆ. ನನ್ನ ಗಂಟಲು ಈಗ ಏರುವುದಿಲ್ಲ, ಆದರೆ ಧಾಟಿ ತಪ್ಪಿಲ್ಲ. ಭಾನುವಾರ ಗಿರಣಿಗೆ ರಜೆ, ಸದ್ದಿರುವುದಿಲ್ಲ. ನಾಲ್ವರೂ ಇರಿ, ಹೇಳಿಕೊಡುತ್ತೇನೆ. ಇಪ್ಪತ್ತಮೂರನೇ ತಾರೀಕು, ಭಾನುವಾರ, ಬೆಳಗ್ಗೆ ಹತ್ತು ಗಂಟೆ.