ಗೆರೆಯಿಂದ ದೂರ ಕೂತ ಚುಕ್ಕೆ

ಮೂಡುಬಿದಿರೆ
18-8-2024

ಪ್ರೀತಿಯ ಸಬೀಹಾ,

ಅಲ್ಲಿ ದುಬೈಯಲ್ಲಿ ನೀನೂ ಮಕ್ಕಳೂ ಹೇಗಿದ್ದೀರೋ. ಫ್ರಿಜ್ಜಿನ ಶಾಕ್ ಹೊಡೆದು ನಿನ್ನ ಉಮ್ಮ ತೀರಿಕೊಂಡು ನಲವತ್ತು ದಿನ ಕಳೆದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡ. ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಡುತ್ತಿದ್ದೆ.

ನಿನ್ನೆ ಬಂಟ್ವಾಳಕ್ಕೆ, ನಾವಿಬ್ಬರೂ ಶಾಲೆಯಿಂದ ಬಂದು ಒಟ್ಟಿಗೆ ಉಣ್ಣುತ್ತಿದ್ದ ಉಮ್ಮನ ಮನೆಗೆ, ಹೋಗಿದ್ದೆ. ನಿನ್ನ ತಮ್ಮ ಶಾಫಿ ಅರ್ಧ ಆಳಾಗಿದ್ದಾನೆ. "ಹಳೆ ಫ್ರಿಜ್ ತಂದು ಕೊಟ್ಟು ನಾನೇ ಉಮ್ಮನನ್ನು ಕೊಂದದ್ದಂತೆ, ಸಬೀಹಕ್ಕ ಹೇಳಿದ್ದು. ಒಂದು ತಿಂಗಳಾಯ್ತು ಕಾಂತಿಯಕ್ಕ, ನನ್ನ ಫೋನೇ ತೆಗಿಯುದಿಲ್ಲ" ಎಂದು ಅತ್ತ.

ಅದಕ್ಕೇ ಹೇಳುತ್ತೇನೆ, ಕೇಳು. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳಲ್ಲವೇ? ಏಪ್ರಿಲ್‌ನಲ್ಲಿ ನನ್ನ ವಿದ್ಯಾರ್ಥಿನಿ ಪ್ರಾಪ್ತಿಯ ಪ್ರಾಜೆಕ್ಟಿಗೆಂದು ಇಪ್ಪತ್ತು ಮನೆಗಳ ಫ್ರಿಜ್ಜಿಗೆ ಮೀಟರ್ ಸಿಕ್ಕಿಸಿ, ಹಳತಾದಷ್ಟೂ ಅದು ಎಷ್ಟು ಹೆಚ್ಚು ಕರೆಂಟು ಎಳೆಯುತ್ತದೆಂದು ನೋಡಿದೆವು. ವಯಸ್ಸಿಗೂ ಕರೆಂಟಿಗೂ ಇರುವ ನಂಟು ತೋರಿಸುವ ರಿಗ್ರೆಶನ್ ಗೆರೆ ಎಳೆದಾಗ ಹತ್ತೊಂಬತ್ತು ಮನೆಗಳ ಚುಕ್ಕೆ ಅದರ ಅಕ್ಕಪಕ್ಕ ಕೂತವು. ಉಮ್ಮನ ಮನೆಯದು ಮಾತ್ರ ಎಲ್ಲೋ ಮೇಲೆ, ಅಷ್ಟೇ ಹಳೆಯ ಬೇರೆ ಫ್ರಿಜ್ಜುಗಳ ಎರಡು ಪಟ್ಟು. "ಇನ್ನೊಮ್ಮೆ ಹೋಗಿ ನೋಡುವನಾ ಮೇಡಂ?" ಎಂದು ಪ್ರಾಪ್ತಿ ಕೇಳಿದಳು. "ಬೇಡ, ಉಮ್ಮ ಬಾಗಿಲು ಸರಿ ಹಾಕಿರಲಿಕ್ಕಿಲ್ಲ. ಆ ಚುಕ್ಕೆ ತೆಗೆದುಬಿಡು" ಎಂದೆ. ತೆಗೆದದ್ದೇ ಸಹಸಂಬಂಧ 0.61ರಿಂದ 0.93ಕ್ಕೆ ಏರಿತು, ಒಂದಕ್ಕೆ ಹತ್ತಿರವಾದಷ್ಟೂ ನಂಟು ಗಟ್ಟಿ ಎಂದರ್ಥ. ಎಷ್ಟು ಖುಷಿಪಟ್ಟೆ ಗೊತ್ತಾ! ಒಳಗೆ ವಯರು ಸುಲಿದು ಕರೆಂಟು ಸೋರುತ್ತಿತ್ತು, ಆ ಹೆಚ್ಚಿನ ಲೆಕ್ಕ ಅದರದ್ದೇ ಎಂದು ಎಲೆಕ್ಟ್ರಿಷಿಯನ್ ನೋಣಯ್ಯ ಈಗ ಹೇಳುತ್ತಾರೆ.

ತಪ್ಪು ಶಾಫಿಯದಲ್ಲ. ಬೈಯುವುದಿದ್ದರೆ ನನಗೆ ಬೈ, ಅವನಿಗೊಂದು ಫೋನ್ ಮಾಡು. ದೇವರು ನಿನ್ನ ಮಕ್ಕಳನ್ನು ಚೆನ್ನಾಗಿಟ್ಟಿರಲಿ, ನಿನಗೆ ಇದನ್ನು ತಡೆದುಕೊಳ್ಳುವ ಶಕ್ತಿ ಕೊಡಲಿ.

ನಿನ್ನ
ಕಾಂತಿ

ತಾ.ಕ.: ಇದನ್ನು ಬರೆಯದೆ ಮುಗಿಸಬೇಕೆಂದಿದ್ದೆ, ಆಗಲಿಲ್ಲ. ಮೀಟರ್ ಸಿಕ್ಕಿಸಿದ ದಿನ ಉಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಮುಟ್ಟಿದರೆ ಕೈ ಜುಮ್ ಅಂತದೆ ಮಗಳೇ. ಶಾಫಿಗೆ ಹೇಳ್ಬೇಡ, ಪ್ರೀತಿಯಲ್ಲಿ ತಂದದ್ದು, ಬೇಜಾರು ಮಾಡ್ತಾನೆ" ಎಂದಿದ್ದರು. ನನಗೆ ಬಸ್ಸಿಗೆ ಹೊತ್ತಾಗಿತ್ತು. "ಚಪ್ಪಲಿ ಹಾಕಿಕೊಂಡು ಮುಟ್ಟಿ ಉಮ್ಮಾ" ಎಂದು ನಕ್ಕು ಬಂದೆ. ಒದ್ದೆ ನೆಲದಿಂದ ಅವರನ್ನು ಎತ್ತುವಾಗ ಕಾಲಲ್ಲಿ ಚಪ್ಪಲಿ ಇತ್ತಂತೆ. ಉಮ್ಮ ಮನೆಯೊಳಗೆ ಯಾಕೆ ಚಪ್ಪಲಿ ಹಾಕಿದ್ದರು ಎಂದು ಶಾಫಿ ನಿನ್ನೆಯೂ ನನ್ನನ್ನು ಕೇಳಿದ.